ಮುಂಗಡಪತ್ರವನ್ನು ಹಿಂದಿನ ಕಾಲಂನಿಂದ ಓದುವುದು

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಯ ಸೂಚನಾಪತ್ರದಲ್ಲಿ ತಪ್ಪದೆ ಕಾಣುವ ಒಂದು ವಿಷಯವಿದೆ: ‘ಬಜೆಟ್ಟಿಗಿಂತ ಹೆಚ್ಚಿಗೆ ಆದ ಖರ್ಚಿಗೆ ಮಂಜೂರಾತಿ ಪಡೆಯುವುದು’. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಂಘಗಳಿಗೆ ಲೆಕ್ಕ ತಪಾಸಣೆಗೆಂದು ವರ್ಷಗಟ್ಟಲೆ ಓಡಾಡಿದ ನನಗೆ, ಒಂದು ಸಂಘದ ನಾಡಿ ಹಿಡಿಯಲು ಅಧ್ಯಕ್ಷರ ಭಾಷಣಕ್ಕಿಂತ ಈ ಸಾಲಿನ ಕೆಳಗಿನ ಪಟ್ಟಿಯೇ ಹೆಚ್ಚು ನೆರವಾಗಿದೆ. ಹೋದ ವರ್ಷ ಹೇಳಿದ್ದೇನು, ಮಾಡಿದ್ದೇನು, ಎರಡರ ನಡುವೆ ಬಿರುಕು ಎಲ್ಲಿ ಬಂತು ಎಂಬುದೆಲ್ಲ ಅಲ್ಲಿರುತ್ತದೆ. ಆ ಪಟ್ಟಿ ಓದುವ ಹೊತ್ತಿಗೆ ಸದಸ್ಯರ ಗಮನ ಊಟದ ಪಂಕ್ತಿಯ ಕಡೆಗಿರುತ್ತದೆ ಎಂಬುದು ಬೇರೆ ಮಾತು. ಕೇಂದ್ರ ಸರ್ಕಾರದ ಮುಂಗಡಪತ್ರವನ್ನೂ ನಾನು ಇದೇ ಅಭ್ಯಾಸದಿಂದ ಓದುತ್ತೇನೆ.

ಸಂವಿಧಾನದ 112ನೇ ವಿಧಿಯಲ್ಲಿ ‘ಬಜೆಟ್’ ಎಂಬ ಪದವೇ ಇಲ್ಲ. ಅಲ್ಲಿರುವುದು ವಾರ್ಷಿಕ ಹಣಕಾಸು ವಿವರಣೆ, ಅಂದರೆ ಅಂದಾಜು ಜಮಾ ಮತ್ತು ಅಂದಾಜು ಖರ್ಚು. ಇದರೊಡನೆ ಬರುವ ಕಿರುಪುಸ್ತಿಕೆಯ ಕೋಷ್ಟಕದಲ್ಲಿ ನಾಲ್ಕು ಕಾಲಂಗಳಿರುತ್ತವೆ: ಎರಡು ವರ್ಷ ಹಿಂದಿನ ವಾಸ್ತವ ಲೆಕ್ಕ, ನಡೆಯುತ್ತಿರುವ ವರ್ಷದ ಮೂಲ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ದೂರದರ್ಶನದ ಚರ್ಚೆಯೆಲ್ಲ ನಾಲ್ಕನೆಯ ಕಾಲಂ ಸುತ್ತಲೇ ಗಿರಕಿ ಹೊಡೆಯುತ್ತದೆ. ರಸ್ತೆ, ರೈಲು ಮುಂತಾದವುಗಳ ಬಂಡವಾಳ ವೆಚ್ಚವನ್ನೇ ನೋಡಿ. 2025-26ಕ್ಕೆ ಇದಕ್ಕಾಗಿ 11.21 ಲಕ್ಷ ಕೋಟಿ ರೂಪಾಯಿ ಇಡಲಾಯಿತು. 2024-25ರ ಪರಿಷ್ಕೃತ ಅಂದಾಜಾದ 10.18 ಲಕ್ಷ ಕೋಟಿಗೆ ಹೋಲಿಸಿದರೆ ಇದು ಶೇ 10ರ ಏರಿಕೆ. ಆದರೆ ಅದೇ 2024-25ಕ್ಕೆ ಮೊದಲು ಘೋಷಿಸಿದ್ದು 11.11 ಲಕ್ಷ ಕೋಟಿ. ಅದಕ್ಕೆ ಹೋಲಿಸಿದರೆ ಏರಿಕೆ ಶೇ 1ನ್ನೂ ಮುಟ್ಟುವುದಿಲ್ಲ. ಎರಡೂ ಲೆಕ್ಕ ಸುಳ್ಳಲ್ಲ. ಯಾವ ಕಾಲಂಗೆ ಹೋಲಿಸಿದರು ಎಂದು ಹೇಳದೆ ಶೇಕಡಾವಾರು ಹೇಳುವವರನ್ನು ಮಾತ್ರ ನಾನು ನಂಬುವುದಿಲ್ಲ.

ಜಮಾ ಬದಿಯಲ್ಲಿ ಇದೇ ಆಟ ನಡೆಯುವ ಸಾಲೆಂದರೆ ಸಾರ್ವಜನಿಕ ಉದ್ದಿಮೆಗಳ ಬಂಡವಾಳ ಹಿಂತೆಗೆತ, ಅಂದರೆ ಅವುಗಳಲ್ಲಿನ ಸರ್ಕಾರದ ಪಾಲಿನ ಮಾರಾಟ. 2021-22ರಲ್ಲಿ ಇದರಿಂದ 1.75 ಲಕ್ಷ ಕೋಟಿ ಬರುತ್ತದೆ ಎಂದು ಬರೆದುಕೊಳ್ಳಲಾಗಿತ್ತು. ಬಂದದ್ದು 15 ಸಾವಿರ ಕೋಟಿಗೂ ಕಡಿಮೆ. ಭದ್ರಾವತಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1923ರಷ್ಟು ಹಳೆಯದಾದ ಉಕ್ಕಿನ ಕಾರ್ಖಾನೆಯನ್ನು ಮಾರಲು ಹೊರಟು, ಕೊಳ್ಳುವವರ ಆಸಕ್ತಿ ಸಾಲದೆ 2022ರಲ್ಲಿ ಆ ಪ್ರಕ್ರಿಯೆಯನ್ನೇ ಕೈಬಿಟ್ಟದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಗಿರಾಕಿ ಗೊತ್ತಾಗುವ ಮೊದಲೇ ಮಾರಾಟದ ಹಣವನ್ನು ಜಮಾ ಅಂದಾಜಿನಲ್ಲಿ ಬರೆದುಕೊಂಡರೆ ಕೊರತೆ ಕಾಗದದ ಮೇಲೆ ಮಾತ್ರ ಇಳಿಯುತ್ತದೆ.

ಇವೆಲ್ಲ ಪುಸ್ತಕದಲ್ಲಿ ಕಾಣುವ ಸಂಗತಿಗಳು. ಕಾಣದಿರುವುದನ್ನು ಹುಡುಕುವುದು ಹೆಚ್ಚು ಕಷ್ಟ. ಒಮ್ಮೆ ಒಂದು ಸಂಘದಲ್ಲಿ ವರ್ಷಾಂತ್ಯದ ಲೆಕ್ಕ ನೋಡುತ್ತಿದ್ದಾಗ, ಗೋದಾಮಿನ ಮಾಡು ದುರಸ್ತಿಯ ದೊಡ್ಡ ಬಿಲ್ಲೊಂದು ಮೇಜಿನ ಖಾನೆಯಲ್ಲಿ ಸಿಕ್ಕಿತು. ಕೆಲಸ ಮಾರ್ಚ್‌ನಲ್ಲೇ ಮುಗಿದಿತ್ತು. ಪುಸ್ತಕದಲ್ಲಿ ಮಾತ್ರ ಅದರ ಸುಳಿವಿರಲಿಲ್ಲ, ಸಂಘ ಸಣ್ಣ ಲಾಭ ತೋರಿಸಿತ್ತು. ಕೇಳಿದ್ದಕ್ಕೆ ಕಾರ್ಯದರ್ಶಿಗಳು, “ದುಡ್ಡು ಕೊಡುದು ಏಪ್ರಿಲ್‌ನಲ್ಲಿ ಅಲ್ದಾ ಮಾರಾಯ್ರೇ, ಹಾಂಗಾದ್ರೆ ಖರ್ಚೂ ಏಪ್ರಿಲ್‌ದೇ” ಎಂದರು. ಸಂಘದ ಲೆಕ್ಕಕ್ಕೆ ಆ ವಾದ ಸಲ್ಲದು ಎಂದು ನಾನು ಬಿಲ್ಲನ್ನು ‘ಕೊಡತಕ್ಕ ಬಾಕಿ’ಗೆ ಸೇರಿಸಿ ಲಾಭವನ್ನು ನಷ್ಟವಾಗಿ ತಿದ್ದಿಸಿದೆ. ಆದರೆ ಭಾರತ ಸರ್ಕಾರದ ಲೆಕ್ಕಪದ್ಧತಿಯಲ್ಲಿ ನೋಡಿದರೆ ಆ ಕಾರ್ಯದರ್ಶಿಗಳು ಹೇಳಿದ್ದೇ ಸರಿ. ಅಲ್ಲಿ ನಡೆಯುವುದು ನಗದು ಲೆಕ್ಕ. ಹಣ ಖಜಾನೆ ಬಿಟ್ಟ ದಿನವೇ ಖರ್ಚು ಹುಟ್ಟುತ್ತದೆ, ಅಲ್ಲಿಯವರೆಗೆ ಬಾಕಿ ಎಂಬುದು ಕೊರತೆಯ ಲೆಕ್ಕದೊಳಗೆ ಬರುವುದೇ ಇಲ್ಲ.

ಆಹಾರ ಸಹಾಯಧನದ ಕಥೆ ಇದಕ್ಕೆ ತಕ್ಕ ಉದಾಹರಣೆ. ಅಕ್ಕಿ, ಗೋಧಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರಕ್ಕೆ ಅಗ್ಗವಾಗಿ ಕೊಡುವ ಭಾರತೀಯ ಆಹಾರ ನಿಗಮಕ್ಕೆ ಆ ವ್ಯತ್ಯಾಸವನ್ನು ಸರ್ಕಾರ ತುಂಬಿಕೊಡಬೇಕು. ಕೆಲವು ವರ್ಷ ಸರ್ಕಾರ ಪೂರ್ತಿ ಹಣ ಕೊಡದೆ, ನಿಗಮವೇ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯಿಂದ ಸಾಲ ಎತ್ತುವಂತೆ ಮಾಡಿತು. ಅಂಚೆ ಕಚೇರಿಯಲ್ಲಿ ನಾವು ನೀವು ಇಟ್ಟ ಉಳಿತಾಯ ನಿಗಮದ ಸಾಲವಾಯಿತು. ಸರ್ಕಾರದ ಕೊರತೆ ಮಾತ್ರ ಅಷ್ಟು ತೆಳ್ಳಗೆ ಕಂಡಿತು. 2021ರ ಫೆಬ್ರವರಿಯಲ್ಲಿ ಈ ಬಾಕಿಯನ್ನು ಪುಸ್ತಕಕ್ಕೆ ತಂದಾಗ, 2020-21ರ ಆಹಾರ ಸಹಾಯಧನ ಮೂಲ ಅಂದಾಜಿನ ಸುಮಾರು 1.16 ಲಕ್ಷ ಕೋಟಿಯಿಂದ ಪರಿಷ್ಕೃತ ಅಂದಾಜಿನಲ್ಲಿ 4.23 ಲಕ್ಷ ಕೋಟಿಯ ಆಸುಪಾಸಿಗೆ ಜಿಗಿಯಿತು. ಕೋವಿಡ್ ಕಾಲದ ಉಚಿತ ಪಡಿತರವೂ ಇದರಲ್ಲಿ ಸೇರಿತ್ತು, ನಿಜ. ಆದರೆ ದೊಡ್ಡ ಪಾಲು ಮೇಜಿನ ಖಾನೆಯ ಬಿಲ್ಲುಗಳದ್ದೇ. ಆ ವರ್ಷದ ವಿತ್ತೀಯ ಕೊರತೆ ಜಿಡಿಪಿಯ ಶೇ 9.2ಕ್ಕೆ ಏರಿತು. ಖಾನೆಯನ್ನು ತೆರೆದು ತೋರಿಸಿದ್ದು ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕಿಂತ ಹಿಂದಿನ ವರ್ಷಗಳಲ್ಲಿ ಕೊರತೆ ಹತೋಟಿಯಲ್ಲಿದೆ ಎಂದು ಬರೆದ ನಮ್ಮಂಥವರು ಏನನ್ನು ನೋಡಿ ಬರೆದೆವು ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನು ಬಡ್ಡಿ. ‘ಒಂದು ರೂಪಾಯಿ ಎಲ್ಲಿಗೆ ಹೋಗುತ್ತದೆ’ ಎಂಬ ಚಕ್ರದ ಚಿತ್ರದಲ್ಲಿ 2025-26ಕ್ಕೆ ಬಡ್ಡಿಯ ಪಾಲು 20 ಪೈಸೆ ಎಂದಿದೆ. ಆದರೆ ಆ ರೂಪಾಯಿಯಲ್ಲಿ ಹೊಸದಾಗಿ ತರುವ ಸಾಲವೂ ಇದೆ, ರಾಜ್ಯಗಳಿಗೆ ಕೊಟ್ಟುಬಿಡಬೇಕಾದ ತೆರಿಗೆಯೂ ಇದೆ. ತೋಟದವರು ಬ್ಯಾಂಕಿನಿಂದ ತಂದ ಸಾಲವನ್ನೂ ಆದಾಯಕ್ಕೆ ಸೇರಿಸಿ, ‘ಬಡ್ಡಿ ಅಷ್ಟೇನಿಲ್ಲ’ ಎಂದಂತಾಯಿತು. ಕೇಂದ್ರದ ಸ್ವಂತ ರಾಜಸ್ವ ಸ್ವೀಕೃತಿ 34.20 ಲಕ್ಷ ಕೋಟಿ, ಬಡ್ಡಿ 12.76 ಲಕ್ಷ ಕೋಟಿ. ಅಂದರೆ ರೂಪಾಯಿಗೆ 37 ಪೈಸೆ. ಬೆಳೆಯುತ್ತಿರುವ ದೇಶದ ಮುಖ್ಯ ಸಂಕಟ ಇರುವುದು ಇಲ್ಲಿ. ಶಾಲೆ, ಆಸ್ಪತ್ರೆ, ರಸ್ತೆಗಳನ್ನು ಮುಂದೂಡುವಂತಿಲ್ಲ, ಆದರೆ ಕೇಂದ್ರದ ಒಟ್ಟು ತೆರಿಗೆ ಸಂಗ್ರಹ ಜಿಡಿಪಿಯ ಶೇ 12ರ ಆಸುಪಾಸಿನಲ್ಲೇ ನಿಂತಿದೆ.

ಮನೆಯ ಲೆಕ್ಕದ ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು. ಸಾಲ ಮಾಡಿ ಬಸಿಗಾಲುವೆ ತೆಗೆಸಿದವರ ಅಡಿಕೆ ತೋಟ ಮುಂದೆ ಫಸಲು ಕೊಟ್ಟು ಸಾಲ ತೀರಿಸಬಹುದು, ಸಾಲ ಮಾಡಿ ಮದುವೆ ಮಾಡಿದವರಿಗೆ ಆ ಭರವಸೆಯಿಲ್ಲ ಎಂಬಷ್ಟು ಮಟ್ಟಿಗೆ ಹೋಲಿಕೆ ಸರಿ. ಆದರೆ ಸರ್ಕಾರದ ಖರ್ಚು ಇನ್ನೊಬ್ಬರ ಆದಾಯವಾಗಿ ತೆರಿಗೆಯ ರೂಪದಲ್ಲಿ ಭಾಗಶಃ ಮರಳುತ್ತದೆ. ನಮ್ಮ ಸರ್ಕಾರದ ಸಾಲದ ಬಹುಪಾಲು ರೂಪಾಯಿಯಲ್ಲೇ, ದೇಶದೊಳಗಿನವರಿಗೇ ಇದೆ. 2019ರ ಕೊನೆಯಲ್ಲಿ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿ, 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿದ ಶ್ರೀಲಂಕಾ ತೀರಿಸಬೇಕಾಗಿದ್ದದ್ದು ಡಾಲರುಗಳಲ್ಲಿ. ಅಲ್ಲಿನ ಪತನವನ್ನು ತೋರಿಸಿ ಇಲ್ಲಿಯವರನ್ನು ಹೆದರಿಸುವುದು ಸರಿಯಲ್ಲ. ಹಾಗೆಂದು ರೂಪಾಯಿಗೆ 37 ಪೈಸೆ ಬಡ್ಡಿಯನ್ನು ಹಗುರವಾಗಿ ಕಾಣುವುದೂ ಸರಿಯಲ್ಲ.

ರಾಜ್ಯಗಳ ಪಾಲಿನ ವಿಚಾರದಲ್ಲೂ ಛೇದ ಯಾವುದೆಂದು ನೋಡಬೇಕು. ಹಂಚಬೇಕಾದ ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ 15ನೇ ಹಣಕಾಸು ಆಯೋಗ ಹೇಳಿದ್ದು ಶೇ 41. ಆದರೆ 2025-26ರ ಅಂದಾಜಿನಲ್ಲಿ 42.70 ಲಕ್ಷ ಕೋಟಿಯ ಒಟ್ಟು ತೆರಿಗೆಯಲ್ಲಿ ರಾಜ್ಯಗಳಿಗೆ ಹೋಗುವುದು 14.22 ಲಕ್ಷ ಕೋಟಿ, ಅಂದರೆ ಮೂರನೇ ಒಂದು ಭಾಗ. ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್‌ಚಾರ್ಜ್ ಹಂಚಿಕೆಗೆ ಸೇರುವುದಿಲ್ಲ ಎಂಬುದು ಈ ಅಂತರಕ್ಕೆ ಮುಖ್ಯ ಕಾರಣ. ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲೂ ಹಿಂದಿನ ಆಯೋಗದ ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು.

ಸಂಘದ ಸಭೆಗಳಲ್ಲಿ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇವಾವುದೂ ಅಲ್ಲ, “ನಮ್ಮ ಅಡಿಕೆಗೆ ಎಂತ ಬಂತು?” ಎಂಬುದು. ಅಡಿಕೆಯ ಕನಿಷ್ಠ ಆಮದು ಬೆಲೆ 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿದ್ದು ವಿದೇಶಿ ವ್ಯಾಪಾರ ಇಲಾಖೆಯ ಅಧಿಸೂಚನೆಯಿಂದ. ಅಡಿಕೆಯ ಮೇಲಿನ ಜಿಎಸ್‌ಟಿ ದರ ನಿರ್ಧಾರವಾಗುವುದು ಜಿಎಸ್‌ಟಿ ಮಂಡಳಿಯಲ್ಲಿ. ಬೆಳೆಗಾರರ ಜೇಬಿಗೆ ತಾಗುವ ಹಲವು ತೀರ್ಮಾನಗಳು ಮುಂಗಡಪತ್ರದ ಹೊರಗೇ ಆಗುತ್ತವೆ.

ಭಾಷಣದಲ್ಲಿ ಬಂದದ್ದೆಲ್ಲ ಕೈಗೆ ಬರುತ್ತದೆ ಎಂದೂ ಇಲ್ಲ. ತುಂಗೆಯ ನೀರನ್ನು ಭದ್ರೆಗೆ ಎತ್ತಿ, ಅಲ್ಲಿಂದ ಚಿತ್ರದುರ್ಗ, ತುಮಕೂರಿನ ಬರಗಾಲದ ನೆಲಕ್ಕೆ ಹರಿಸುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವನ್ನು 2023ರ ಫೆಬ್ರವರಿಯ ಕೇಂದ್ರ ಬಜೆಟ್ ಭಾಷಣದಲ್ಲಿ ಘೋಷಿಸಲಾಯಿತು. ಆ ಹಣ ಬರಲಿಲ್ಲ ಎಂದು ರಾಜ್ಯ ಸರ್ಕಾರ ಆಮೇಲೆ ಮತ್ತೆ ಮತ್ತೆ ದೂರಿತು. 2023-24ರ ವಾಸ್ತವ ಲೆಕ್ಕದ ಕಾಲಂ ಅಚ್ಚಾಗಿ ಬಂದದ್ದು ಎರಡು ವರ್ಷ ಕಳೆದು, 2025ರ ಫೆಬ್ರವರಿಯ ದಾಖಲೆಗಳಲ್ಲಿ. ಅಷ್ಟರೊಳಗೆ ಘೋಷಣೆಯನ್ನು ಹೊಗಳಿದವರೂ ತೆಗಳಿದವರೂ ಬೇರೆ ಘೋಷಣೆಗಳ ಚರ್ಚೆಯಲ್ಲಿದ್ದರು.