ರತ್ನಗಂಬಳಿಯನ್ನು ಬೋರಲು ಹಾಕಿ ನೋಡಿ

ನನ್ನ ಹತ್ತಿರ ರಿಪೇರಿಗೆ ರತ್ನಗಂಬಳಿ ಬಂದರೆ ಮೊದಲು ಅದನ್ನು ಬೋರಲು ಹಾಕುತ್ತೇನೆ. ತಂದವರಿಗೆ ಆಶ್ಚರ್ಯ. "ಸರ್, ಡಿಸೈನು ಮೇಲ್ಗಡೆ ಇದೆ" ಅನ್ನುತ್ತಾರೆ. ಹೂವು, ಬಳ್ಳಿ, ಬಣ್ಣ ಎಲ್ಲ ಮೇಲ್ಗಡೆಯೇ ಇದೆ, ನಿಜ. ಆದರೆ ಅದನ್ನು ಹೇಗೆ ಮಾಡಿದರು, ಎಷ್ಟು ಒತ್ತಾಗಿ ನೇಯ್ದರು, ಎಲ್ಲಿ ಕೆಲಸ ಕದ್ದರು ಅನ್ನುವುದು ತಿಳಿಯುವುದು ಬೆನ್ನಿನಿಂದ.

ಹೋದ ವರ್ಷ ಒಬ್ಬ ಅಮ್ಮ ಒಂದನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಪ್ರವಾಸ ಹೋದಾಗ ಕೊಂಡದ್ದು. "ಪೂರ್ತಿ ಕೈಯಲ್ಲೇ ಮಾಡಿದ್ದು" ಅಂತ ಅಂಗಡಿಯವರು ಹೇಳಿದ್ದರಂತೆ. ಈಗ ಗುಡಿಸಿದಾಗಲೆಲ್ಲ ಕೆಳಗೆ ಬಿಳಿ ಪುಡಿ ಬೀಳುತ್ತದೆ, ಒಂಥರಾ ವಾಸನೆ. ಬೋರಲು ಹಾಕಿದೆ. ಬೆನ್ನಿಗೆ ದಪ್ಪ ಬಟ್ಟೆ ಅಂಟಿಸಿತ್ತು. ಅದು ಟಫ್ಟೆಡ್ ಕಾರ್ಪೆಟ್. ಚೌಕಟ್ಟಿಗೆ ಬಿಗಿದ ಬಟ್ಟೆಯೊಳಗೆ ಗನ್ನಿನಂಥ ಯಂತ್ರದಿಂದ ನೂಲು ಚುಚ್ಚುತ್ತಾ ಹೋಗುತ್ತಾರೆ. ನೂಲು ಬಿಟ್ಟುಬರದಂತೆ ಹಿಂದೆ ರಬ್ಬರ್ ಅಂಟು ಬಳಿದು ಬಟ್ಟೆ ಮುಚ್ಚುತ್ತಾರೆ. ಆ ಅಂಟು ಒಣಗಿ ಪುಡಿಯಾಗುತ್ತಿತ್ತು. ಅದರಲ್ಲಿ ಒಂದೇ ಒಂದು ಗಂಟು ಇಲ್ಲ. ಕೊಟ್ಟ ದುಡ್ಡು ಮಾತ್ರ ಗಂಟು ಹಾಕಿದ ರತ್ನಗಂಬಳಿಯದ್ದು. ಅವರಿಗೆ ಅದನ್ನು ಹೇಳುವಾಗ ನನಗೇ ಸಂಕಟವಾಯಿತು. ಈ ಅಂಕಣ ಬರೆಯಲು ಅದೇ ಕಾರಣ.

ಹಾಗಾದರೆ ಗಂಟು ಅಂದರೇನು? ನೇಯ್ಗೆ ನೋಡಿದವರಿಗೆ ಹಾಸು, ಹೊಕ್ಕು ಗೊತ್ತು. ಉದ್ದಕ್ಕೆ ಬಿಗಿದದ್ದು ಹಾಸು, ಅಡ್ಡಕ್ಕೆ ಹಾಯುವುದು ಹೊಕ್ಕು. ಸೀರೆಯಾಗಲಿ, ನಮ್ಮ ನವಲಗುಂದದ ಜಮಖಾನವಾಗಲಿ, ಈ ಎರಡರಲ್ಲೇ ಮುಗಿಯುತ್ತದೆ. ಜಮಖಾನದಲ್ಲಿ ಚಿತ್ತಾರ ಮೂಡಿಸುವುದು ಬಣ್ಣದ ಹೊಕ್ಕು. ರತ್ನಗಂಬಳಿಗೆ ಮೂರನೆಯ ಎಳೆ ಬೇಕು. ಪಕ್ಕಪಕ್ಕದ ಎರಡು ಹಾಸಿನ ಎಳೆಗಳಲ್ಲಿ ಒಂದಕ್ಕೆ ಬಣ್ಣದ ಉಣ್ಣೆಯನ್ನು ಪೂರ್ತಿ ಸುತ್ತಬೇಕು, ಇನ್ನೊಂದರ ಹಿಂದಿನಿಂದ ಹಾಯಿಸಿ ಮುಂದಕ್ಕೆ ತರಬೇಕು, ಕೆಳಕ್ಕೆ ಜಗ್ಗಿ ಚಾಕುವಿನಿಂದ ಕತ್ತರಿಸಬೇಕು. ಅಲ್ಲಿಗೆ ಒಂದು ಗಂಟು. ಇದು ಪರ್ಷಿಯನ್ ಗಂಟು. ಕಾಶ್ಮೀರದಲ್ಲಿ ಹೆಚ್ಚಾಗಿ ಹಾಕುವುದು ಇದನ್ನೇ. ಎರಡೂ ಎಳೆಗಳ ಮೇಲೆ ಸುತ್ತಿ, ತುದಿಗಳನ್ನು ಎರಡರ ನಡುವಿನಿಂದ ಹೊರಗೆ ತೆಗೆದರೆ ಅದು ಟರ್ಕಿ ಗಂಟು. ಹೆಸರು ನೋಡಿ ಊರು ಹೇಳಲು ಹೋಗಬೇಡಿ. ಇರಾನಿನ ತಬ್ರೀಝ್‌ನಲ್ಲೂ ಕೊಕ್ಕೆ ಇರುವ ಚಾಕು ಹಿಡಿದು ಟರ್ಕಿ ಗಂಟೇ ಹಾಕುತ್ತಾರೆ. 1949ರಲ್ಲಿ ಸೈಬೀರಿಯಾದ ಅಲ್ಟಾಯ್ ಬೆಟ್ಟಗಳಲ್ಲಿ, ಪಜಿರಿಕ್ ಎಂಬಲ್ಲಿ, ಮಂಜುಗಟ್ಟಿದ ಸಮಾಧಿಯೊಂದರಲ್ಲಿ ಒಂದು ರತ್ನಗಂಬಳಿ ಸಿಕ್ಕಿತು. ಎರಡು ಸಾವಿರ ವರ್ಷಕ್ಕೂ ಹಳೆಯದು. ಅದರಲ್ಲಿರುವುದೂ ಟರ್ಕಿ ಗಂಟೇ.

ಗಂಟು ಅಂದರೂ ಅದು ಶೂ ಲೇಸಿನ ಹಾಗೆ ತನ್ನನ್ನು ತಾನೇ ಬಿಗಿದುಕೊಳ್ಳುವುದಿಲ್ಲ. ಅದು ಬರೀ ಒಂದು ಸುತ್ತು. ಒಂದು ಸಾಲು ಪೂರ್ತಿ ಗಂಟು ಹಾಕಿದ ಮೇಲೆ ಒಂದೋ ಎರಡೋ ಹೊಕ್ಕು ಹಾಯಿಸುತ್ತಾರೆ. ಆಮೇಲೆ ಪಂಜಾ ಅನ್ನುವ ಭಾರದ ಹಣಿಗೆಯಿಂದ ಕುಟ್ಟುತ್ತಾರೆ. ಆ ಏಟಿಗೇ ಗಂಟು ಕೂರುವುದು. ಇಲ್ಲಿ ಲಾಳಿಯ ಓಡಾಟವಿಲ್ಲ, ಹೊಕ್ಕನ್ನು ಬೆರಳಲ್ಲೇ ಹಾಯಿಸುತ್ತಾರೆ. ಕುಟ್ಟಿದ ಸಾಲಿನ ಮೇಲೆ ಕತ್ತರಿ ಆಡಿಸಿ ಜುಂಗು, ಅಂದರೆ ಮೇಲೆ ಎದ್ದು ನಿಂತ ಉಣ್ಣೆಯ ತುದಿಗಳನ್ನು, ಸಮ ಮಾಡಿ, ಮುಂದಿನ ಸಾಲು ಶುರು.

ಕೆಳಕ್ಕೆ ಜಗ್ಗಿ ಕತ್ತರಿಸುವುದರಿಂದ ಜುಂಗು ಒಂದೇ ಕಡೆಗೆ ಮಲಗುತ್ತದೆ. ಮನೆಯಲ್ಲಿ ಇದ್ದರೆ ಅಂಗೈ ಆಡಿಸಿ ನೋಡಿ. ಒಂದು ದಿಕ್ಕಿಗೆ ಬೆಕ್ಕಿನ ಬೆನ್ನು ಸವರಿದ ಹಾಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಕೈ ತಡೆಯುತ್ತದೆ. ನುಣ್ಣಗೆ ಹೋಗುವ ಕಡೆಯ ಅಂಚಿನಿಂದಲೇ ನೇಯ್ಗೆ ಶುರುವಾಗಿರುವುದು. ಆ ಅಂಚಿನಲ್ಲಿ ನಿಂತು ನೋಡಿದರೆ ಬಣ್ಣ ಗಾಢ, ಎದುರಿನ ಅಂಚಿನಿಂದ ನೋಡಿದರೆ ತಿಳಿ. "ಅಂಗಡಿಯಲ್ಲಿ ನೋಡಿದ ಬಣ್ಣ ಮನೆಗೆ ಬಂದಾಗ ಇಲ್ಲ" ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ತಿರುಗಿಸಿ ಹಾಸಿ.

ಇಷ್ಟು ಬಣ್ಣದ ಇಷ್ಟು ಗಂಟುಗಳನ್ನು ನೇಕಾರ ನೆನಪಿಡುವುದು ಹೇಗೆ? ಕಾಶ್ಮೀರದವರ ಉತ್ತರ ನನಗೆ ಬಹಳ ಇಷ್ಟ. ಅವರ ಮಗ್ಗಕ್ಕೆ ಚಿತ್ರ ತೂಗುಹಾಕುವುದಿಲ್ಲ. ನಕ್ಕಾಶ್ ಚಿತ್ತಾರ ಬರೆಯುತ್ತಾನೆ. ಇನ್ನೊಬ್ಬ ಅದನ್ನು ಸಂಕೇತಗಳಿಗೆ ಇಳಿಸುತ್ತಾನೆ. ಇಂಥ ಬಣ್ಣ, ಇಷ್ಟು ಗಂಟು, ಮುಂದೆ ಇಂಥ ಬಣ್ಣ, ಇಷ್ಟು ಗಂಟು. ಹೀಗೆ ಸಾಲು ಸಾಲಾಗಿ ಬರೆದ ಉದ್ದನೆಯ ಚೀಟಿಗೆ ತಾಲೀಮ್ ಅಂತ ಹೆಸರು. ನಾಟಕಕ್ಕೆ, ಗರಡಿಮನೆಗೆ ನಾವು ತಾಲೀಮು ಅಂತೀವಲ್ಲ, ಅದೇ ಪದ. ಮೂಲ ಅರ್ಥ ಕಲಿಸುವುದು. ಕಾನಿ ಶಾಲು ನೇಯುವವರು ಬಳಸುತ್ತಿದ್ದ ಈ ಲಿಪಿ ಆಮೇಲೆ ರತ್ನಗಂಬಳಿಗೂ ಬಂತು. ಅಗಲದ ಮಗ್ಗದಲ್ಲಿ ಒಬ್ಬ ರಾಗವಾಗಿ ಓದುತ್ತಾನೆ, ಉಳಿದವರು ಅದಕ್ಕೆ ದನಿಗೂಡಿಸುತ್ತಾ ಗಂಟು ಹಾಕುತ್ತಾರೆ. ಈಗ ಕಂಪ್ಯೂಟರಿನಲ್ಲೂ ತಾಲೀಮ್ ತಯಾರಾಗುತ್ತದೆ. ಗಂಟು ಮಾತ್ರ ಬೆರಳೇ ಹಾಕಬೇಕು.

ಲೆಕ್ಕ ಹಾಕೋಣ. ಒಂದು ಇಂಚಿನಲ್ಲಿ ಅಡ್ಡಕ್ಕೆ 18, ಉದ್ದಕ್ಕೆ 18 ಗಂಟು ಇದ್ದರೆ ಚದರ ಇಂಚಿಗೆ 324. ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ರತ್ನಗಂಬಳಿಯಲ್ಲಿ 3,456 ಚದರ ಇಂಚು. ಒಟ್ಟು 11 ಲಕ್ಷ 19 ಸಾವಿರಕ್ಕೂ ಜಾಸ್ತಿ ಗಂಟು. ದಿನಕ್ಕೆ 7,500 ಗಂಟು ಹಾಕುವ ಒಬ್ಬರೇ ಕೂತರೂ ಸುಮಾರು 150 ದಿನ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅರ್ದಬೀಲ್ ರತ್ನಗಂಬಳಿ ಇದೆ. 1539-40ರಲ್ಲಿ ಇರಾನಿನಲ್ಲಿ ಆದದ್ದು, ಹತ್ತು ಮೀಟರಿಗಿಂತ ಉದ್ದ. ಅದರಲ್ಲಿರುವುದು ಎರಡೂವರೆ ಕೋಟಿಗೂ ಹೆಚ್ಚು ಗಂಟು. ತುದಿಯಲ್ಲಿ ಕಾಶಾನಿನ ಮಕ್ಸೂದ್ ಎಂಬ ಹೆಸರು ನೇಯ್ದಿದೆ. ಗಂಟು ಹಾಕಿದ ಉಳಿದವರ ಹೆಸರು ಅದರಲ್ಲಿಲ್ಲ.

ಗಂಟು ಎಣಿಸುವಾಗ ಒಂದು ಎಚ್ಚರ ಬೇಕು. ಕೆಲವು ನೇಯ್ಗೆಯಲ್ಲಿ ಒಂದೇ ಗಂಟು ಬೆನ್ನಿನಲ್ಲಿ ಎರಡು ಉಬ್ಬಾಗಿ ಕಾಣುತ್ತದೆ. ಎರಡನ್ನೂ ಎಣಿಸಿ ಲೆಕ್ಕ ದುಪ್ಪಟ್ಟು ಹೇಳುವವರಿದ್ದಾರೆ. ಕೆಲಸ ಬೇಗ ಮುಗಿಸಲು ಎರಡರ ಬದಲು ನಾಲ್ಕು ಹಾಸಿನ ಎಳೆಗೆ ಒಂದೇ ಗಂಟು ಹಾಕುವುದೂ ಉಂಟು. ಅದಕ್ಕೆ ಜುಫ್ತಿ ಅಂತಾರೆ. ಮೇಲಿನಿಂದ ಕಾಣುವುದಿಲ್ಲ. ಹತ್ತು ವರ್ಷ ತುಳಿದ ಮೇಲೆ ಅಲ್ಲೇ ಮೊದಲು ಬೋಳಾಗುತ್ತದೆ. ಕುಚ್ಚನ್ನೂ ನೋಡಿ. ಅದು ಹಾಸಿನ ಎಳೆಯ ತುದಿಯೇ ಆಗಿರಬೇಕು. ಹೊಲಿದು ಸೇರಿಸಿದ ಕುಚ್ಚು ಕಂಡರೆ ಯಾಕೆ ಅಂತ ಕೇಳಿ. ರೇಷ್ಮೆ ಅಂತ ವಿಸ್ಕೋಸ್ ಅನ್ನುವ ಹೊಳಪಿನ ಕೃತಕ ನೂಲು ಮಾರುವುದು ಈಗ ತೀರಾ ಜಾಸ್ತಿ. ನೀರು ಬಿದ್ದ ಜಾಗ ಗಡುಸಾಗಿ ಹಳದಿ ತಿರುಗಿದರೆ ಅನುಮಾನಪಡಿ. ಕಾಶ್ಮೀರದ ರತ್ನಗಂಬಳಿಗೆ ಜಿಐ (ಇಂಥ ಊರಿನ ಸರಕು ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಇದೆ, 2022ರಿಂದ ಕ್ಯೂಆರ್ ಕೋಡ್ ಇರುವ ಲೇಬಲ್ಲೂ ಬಂದಿದೆ. ಕೊಳ್ಳುವಾಗ ಅದನ್ನು ಕೇಳುವುದು ನಿಮ್ಮ ಹಕ್ಕು.

ಹಳೆಯ ರತ್ನಗಂಬಳಿಯಲ್ಲಿ ಕಪ್ಪು, ಕಡುಕಂದು ಗೆರೆಗಳು ಮಾತ್ರ ತಗ್ಗಾಗಿರುವುದನ್ನು ಗಮನಿಸಿದ್ದೀರಾ? ಇಲಿ ಕಡಿದದ್ದಲ್ಲ. ಮಂಜಿಷ್ಠದ ಬೇರಿನ ಕೆಂಪು ಉಣ್ಣೆಗೆ ಹಿಡಿಯಲು ಪಟಿಕ ಸಾಕು. ಕಪ್ಪು ಬರಿಸಲು ಹಿಂದೆ ಕಬ್ಬಿಣದ ಉಪ್ಪು ಹಾಕುತ್ತಿದ್ದರು. ಆ ಕಬ್ಬಿಣ ವರ್ಷಗಟ್ಟಲೆ ಉಣ್ಣೆಯನ್ನು ತಿನ್ನುತ್ತದೆ. ಕಪ್ಪು ಕರಗಿ, ಪಕ್ಕದ ಕೆಂಪು ಹೂವು ಕೆತ್ತಿದ ಹಾಗೆ ಎದ್ದು ನಿಲ್ಲುತ್ತದೆ. ಕೆಲವರು ಅದನ್ನು ತುಂಬಿಸಿ ಕೊಡಿ ಅಂತಾರೆ. ನಾನು ಬೇಡ ಅನ್ನುತ್ತೇನೆ.

ಹುಳು ತಿಂದದ್ದಾದರೆ ಬೇರೆ ಮಾತು. ಮೊನ್ನೆ ಒಬ್ಬರು ತಾತನ ಕಾಲದ ಕಾಶ್ಮೀರಿ ರತ್ನಗಂಬಳಿ ತಂದಿದ್ದರು. ಸೋಫಾ ಕೆಳಗೆ ಗಾಳಿ ಬೆಳಕಿಲ್ಲದೆ ಬಿದ್ದಿದ್ದ ಜಾಗದಲ್ಲಿ ಮೂರು ಇಂಚು ಅಗಲದ ತೂತು. ಮೊದಲು ಹಾಸು ಕೂರಿಸಬೇಕು. ಗಟ್ಟಿ ಇರುವ ಜಾಗದೊಳಗೆ ಸೂಜಿಯಿಂದ ಹತ್ತಿಯ ಎಳೆ ತೂರಿಸಿ, ಒಂದೊಂದಾಗಿ ಬಿಗಿದೆ. ಆಮೇಲೆ ಸಾಲು ಸಾಲಾಗಿ ಗಂಟು, ಹೊಕ್ಕು, ಗಂಟು, ಹೊಕ್ಕು. ತಾಲೀಮ್ ಇರಲಿಲ್ಲ. ಎದುರಿನ ಮೂಲೆಯ ಹೂವನ್ನು ನೋಡಿಕೊಂಡು ಎಣಿಸಿದೆ. ಉಣ್ಣೆಯ ಬಣ್ಣ ಹೊಂದಿಸಿದ್ದು ಬೆಳಗಿನ ಬಿಸಿಲಿನಲ್ಲಿ ಮಾತ್ರ, ಟ್ಯೂಬ್‌ಲೈಟಿನಲ್ಲಿ ಕಣ್ಣು ಮೋಸ ಹೋಗುತ್ತದೆ. ಸುಮಾರು 2,900 ಗಂಟು, ಹನ್ನೆರಡು ದಿನ. ಕೊನೆಗೆ ಜುಂಗು ಕತ್ತರಿಸಿ ಸಮ ಮಾಡಿದೆ.

ತಗೊಂಡು ಹೋಗಲು ಬಂದವರು ಮೇಲಿನಿಂದ ಎಷ್ಟು ಹುಡುಕಿದರೂ ಜಾಗ ಸಿಗಲಿಲ್ಲ. "ಎಲ್ಲಿತ್ತು ಸರ್?" ಅಂದರು. ನಾನು ಬೋರಲು ಹಾಕಿದೆ. ಹಳೆಯ ಎಳೆಗಳ ನಡುವೆ ನನ್ನ ಹತ್ತಿಯ ಎಳೆಗಳು ಇನ್ನೂ ಬೆಳ್ಳಗೆ ಇದ್ದವು.