ತುಟಿಗೆ ಹಚ್ಚುವುದು ಸಪ್ಪೆಯಾಗಿರಲಿ

ಸಂಕ್ರಾಂತಿಯ ಆಸುಪಾಸಿನಲ್ಲಿ ಮೂಡಣ ಗಾಳಿ ಬೀಸತೊಡಗಿತೆಂದರೆ ಚರ್ಮವೈದ್ಯರ ಮೇಜಿನ ಮೇಲೆ ಲಿಪ್‌ಬಾಮ್‌ಗಳು ಸಾಲುಗಟ್ಟುತ್ತವೆ. ಸ್ಟ್ರಾಬೆರಿ ವಾಸನೆಯದು, ಪುದೀನದ್ದು, ಹಚ್ಚಿದರೆ ತುಟಿ ಗುಲಾಬಿಯಾಗುವಂಥದ್ದು, ವಿದೇಶದಲ್ಲಿರುವ ಮಗಳು ಕಳಿಸಿದ್ದು. “ಎಲ್ಲವನ್ನೂ ಹಚ್ಚಿ ನೋಡಿದೆ ಡಾಕ್ಟರೇ, ಒಂದೂ ಒಗ್ಗಲಿಲ್ಲ” ಎನ್ನುವುದು ಸಾಮಾನ್ಯ ದೂರು. ತೊಂದರೆಯ ಅರ್ಧ ಭಾಗ ಎಲ್ಲವನ್ನೂ ಹಚ್ಚಿ ನೋಡಿದ್ದರಲ್ಲೇ ಇದೆ ಎಂದರೆ ಕೆಲವರ ಮುಖ ಚಿಕ್ಕದಾಗುತ್ತದೆ. ಆದರೂ ಹೇಳಲೇಬೇಕಾಗುತ್ತದೆ.

ತುಟಿಯ ಕೆಂಪು ಭಾಗ ನೋಡಲು ಚರ್ಮದಂತಿದ್ದರೂ ಚರ್ಮಕ್ಕಿರುವ ಅನುಕೂಲಗಳು ಅದಕ್ಕಿಲ್ಲ. ಅಲ್ಲಿ ಬೆವರಿನ ಗ್ರಂಥಿಗಳಿಲ್ಲ, ಕೂದಲಿಲ್ಲ, ಕೂದಲ ಬುಡದಲ್ಲಿದ್ದು ಜಿಡ್ಡು ಸುರಿಸುವ ಗ್ರಂಥಿಗಳೂ ಇಲ್ಲ. (ಕೆಲವರ ತುಟಿಯಲ್ಲಿ ಚಿಕ್ಕ ಹಳದಿ ಚುಕ್ಕೆಗಳು ಕಾಣುತ್ತವೆ. ಅವು ದಾರಿ ತಪ್ಪಿ ಬಂದ ಜಿಡ್ಡಿನ ಗ್ರಂಥಿಗಳು. ರೋಗವಲ್ಲ, ಚಿವುಟಬೇಡಿ.) ಮೇಲ್ಪದರವಂತೂ ತೀರ ತೆಳು, ಒಳಗಿನ ರಕ್ತದ ಕೆಂಪು ಹೊರಗೆ ಕಾಣುವುದು ಅದಕ್ಕೇ. ಇಷ್ಟು ತೆಳುವಾದ ಪದರ ನೀರನ್ನು ಹಿಡಿದಿಟ್ಟುಕೊಳ್ಳುವುದೂ ಅಷ್ಟಕ್ಕಷ್ಟೆ. ಗಾಳಿಯಲ್ಲಿ ತೇವ ಕಡಿಮೆಯಾದರೆ ಮೊದಲು ಒಣಗುವುದು ತುಟಿ. ಬೆಂಗಳೂರಿನಲ್ಲಿ ಅದು ಜನವರಿ, ಫೆಬ್ರುವರಿಯ ಮಾತು. ರಾಯಚೂರು, ಕಲಬುರಗಿಯ ಕಡೆ ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನಗಳೂ ಸೇರುತ್ತವೆ. ಹವಾನಿಯಂತ್ರಿತ ಕಚೇರಿಯಲ್ಲಿ ಕೂರುವವರಿಗೆ ವರ್ಷವಿಡೀ ಅದೇ ಹವೆ. ಮೂಗು ಕಟ್ಟಿ ರಾತ್ರಿಯೆಲ್ಲ ಬಾಯಿಯಲ್ಲಿ ಉಸಿರಾಡುವವರಿಗೆ ಮಳೆಗಾಲದಲ್ಲೂ ತುಟಿ ಒಡೆಯುತ್ತದೆ.

ಒಣಗಿದ ತುಟಿಗೆ ಎಲ್ಲರೂ ಮಾಡುವ ಮೊದಲ ಉಪಚಾರವೆಂದರೆ ನಾಲಿಗೆಯಿಂದ ಸವರಿಕೊಳ್ಳುವುದು. ಒಂದು ನಿಮಿಷ ಹಿತವೆನಿಸುತ್ತದೆ. ಆದರೆ ಜೊಲ್ಲಿನಲ್ಲಿರುವುದು ಬರೀ ನೀರಲ್ಲ, ಆಹಾರವನ್ನು ಜೀರ್ಣಿಸುವ ಕಿಣ್ವಗಳೂ ಅದರಲ್ಲಿವೆ. ನೀರು ಆವಿಯಾಗಿ ತುಟಿಯನ್ನು ಇನ್ನಷ್ಟು ಒಣಗಿಸುತ್ತದೆ, ಕಿಣ್ವಗಳು ಕೆರಳಿಸುತ್ತವೆ, ಉರಿ ಹತ್ತುತ್ತದೆ, ನಾಲಿಗೆ ಮತ್ತೆ ಹೊರಗೆ ಬರುತ್ತದೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಈ ಅಭ್ಯಾಸ ಬಲಿತರೆ ಬಾಯಿಯ ಸುತ್ತ ಕಪ್ಪು ಉಂಗುರ ಮೂಡುತ್ತದೆ. ಅದರ ಹೊರ ಅಂಚು ನಾಲಿಗೆ ಎಷ್ಟು ದೂರ ಚಾಚಬಲ್ಲುದೋ ಸರಿಯಾಗಿ ಅಲ್ಲಿಗೇ ನಿಲ್ಲುತ್ತದೆ. ನೋಡಿದೊಡನೆ ಕಾರಣ ತಿಳಿಯುತ್ತದೆ. ಅದನ್ನು ಹುಳುಕಡ್ಡಿ ಎಂದುಕೊಂಡು ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ತಿಂಗಳುಗಟ್ಟಲೆ ಹಚ್ಚಿ ಕರೆತಂದರೆ ನನ್ನ ಕೆಲಸ ಎರಡುಪಟ್ಟಾಗುತ್ತದೆ. ಇಂಥ ಮಗುವಿಗೆ ಹಣ್ಣಿನ ರುಚಿಯ ಲಿಪ್‌ಬಾಮ್ ಕೊಡಿಸುವುದು ಇನ್ನೊಂದು ಎಡವಟ್ಟು. ನೆಕ್ಕಬೇಡ ಎನ್ನುತ್ತಾ ನೆಕ್ಕಲು ಸಿಹಿಯನ್ನೇ ತುಟಿಗೆ ಹಚ್ಚಿದಂತಾಗುತ್ತದೆ.

ಲಿಪ್‌ಬಾಮ್ ತುಟಿಗೆ ಆಹಾರ ಒದಗಿಸುತ್ತದೆ ಎಂಬ ಜಾಹೀರಾತಿನ ಮಾತನ್ನು ನಂಬಬೇಕಾಗಿಲ್ಲ. ಅದು ಪಾತ್ರೆಯ ಮೇಲಿನ ಮುಚ್ಚಳ, ಅಷ್ಟೆ. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆದರೆ ಒಡೆದ ಪದರವನ್ನು ದೇಹವೇ ರಿಪೇರಿ ಮಾಡಿಕೊಳ್ಳುತ್ತದೆ. ಪೆಟ್ರೋಲಿಯಂ ಜೆಲ್ಲಿ, ಜೇನುಮೇಣ, ಕೊಬ್ಬುಗಳು ಹೀಗೆ ತಡೆಯುವ ವಸ್ತುಗಳು. ಗ್ಲಿಸರಿನ್ ಬೇರೆ ಜಾತಿಯದು. ಅದು ನೀರನ್ನು ಸೆಳೆದಿಟ್ಟುಕೊಳ್ಳುತ್ತದೆ. ಒಣ ಹವೆಯಲ್ಲಿ ಅದೊಂದನ್ನೇ ದಪ್ಪಗೆ ಬಳಿದರೆ ಹೊರಗೆ ನೀರು ಸಿಗದೆ ತುಟಿಯ ಒಳಗಿನದನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಅದರ ಮೇಲೊಂದು ಜಿಡ್ಡಿನ ಪದರ ಬೇಕೇ ಬೇಕು.

ತಡೆಯುವ ಕೆಲಸದಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ರಾಬರ್ಟ್ ಚೀಸ್‌ಬ್ರೋ ಎಂಬ ಯುವ ರಸಾಯನ ತಜ್ಞ 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನ ಎಣ್ಣೆಬಾವಿಗಳಿಗೆ ಹೋದಾಗ, ಕೊಳವೆಯ ಸರಳುಗಳಿಗೆ ಮೆತ್ತಿಕೊಳ್ಳುತ್ತಿದ್ದ ಮೇಣವನ್ನು ಅಲ್ಲಿನ ಕೆಲಸಗಾರರು ಸುಟ್ಟ, ಕೊಯ್ದ ಗಾಯಗಳಿಗೆ ಬಳಿದುಕೊಳ್ಳುತ್ತಿದ್ದರು. ಅದನ್ನೇ ಶುದ್ಧೀಕರಿಸಿ ಆತ 1872ರಲ್ಲಿ ಪೇಟೆಂಟ್ ಪಡೆದ. ವ್ಯಾಸಲೀನ್ ಎಂಬ ಹೆಸರು ಆತ ಇಟ್ಟದ್ದು. ಇವತ್ತು ಔಷಧದ ಅಂಗಡಿಯಲ್ಲಿ ‘ವೈಟ್ ಸಾಫ್ಟ್ ಪ್ಯಾರಾಫಿನ್ ಐ.ಪಿ.’ ಎಂದು ಕೇಳಿದರೂ ಇದೇ ವಸ್ತು ಸಿಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅಲರ್ಜಿ ಮಾಡುವುದು ಅತಿ ವಿರಳ. ಅಲರ್ಜಿ ಪರೀಕ್ಷೆಗೆ ಬೇರೆ ಬೇರೆ ರಾಸಾಯನಿಕಗಳನ್ನು ಕಲಸಿ ಬೆನ್ನಿಗೆ ಅಂಟಿಸಲು ನಾವು ಬಳಸುವುದೂ ಇದನ್ನೇ ಎಂದರೆ ಇದು ಎಷ್ಟು ಸಾಧು ಎಂದು ಊಹಿಸಿಕೊಳ್ಳಿ.

ಮನೆಯ ಮದ್ದುಗಳನ್ನು ನಾನು ತಳ್ಳಿಹಾಕುವವನಲ್ಲ. ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ಎಲ್ಲವೂ ಒಂದಿಷ್ಟು ಹೊತ್ತು ಕೆಲಸ ಮಾಡುತ್ತವೆ. ಕೊಬ್ಬರಿ ಎಣ್ಣೆಯ ತೊಡಕೇನೆಂದರೆ ಅದು 24 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕರಗುತ್ತದೆ. ತುಟಿಯ ಬಿಸಿಗೆ ನೀರಾಗಿ, ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೊರಟುಹೋಗಿರುತ್ತದೆ. ಈ ಲೆಕ್ಕದಲ್ಲಿ ಉತ್ತರ ಕನ್ನಡದವರು ಜಾಣರು. ಮುರುಗಲು ಬೀಜದಿಂದ ತೆಗೆದ ತುಪ್ಪ ಸುಮಾರು 40 ಡಿಗ್ರಿಯ ಹತ್ತಿರ ಕರಗುವಂಥದ್ದು, ಬೇಸಿಗೆಯಲ್ಲೂ ಗಟ್ಟಿಯಾಗಿರುತ್ತದೆ. ಕೊಂಚ ಬಿಸಿ ತಾಗಿಸಿ ಹಚ್ಚಿದರೆ ತುಟಿಯ ಮೇಲೆ ನಿಲ್ಲುತ್ತದೆ. ಒಡೆದ ಹಿಮ್ಮಡಿಗೂ ತುಟಿಗೂ ಅಲ್ಲಿ ಅದನ್ನು ಹಚ್ಚುತ್ತ ಬಂದಿರುವುದಕ್ಕೆ ಒಳ್ಳೆಯ ಕಾರಣವಿದೆ. ಪೇಟೆಯ ಲಿಪ್‌ಬಾಮ್‌ಗಳಲ್ಲೂ ಈಗ ಅದು ಕೋಕಂ ಬಟರ್ ಎಂಬ ಹೆಸರಿನಲ್ಲಿ ಕಾಣುತ್ತಿದೆ. ಇನ್ನು ಹೊಕ್ಕುಳಿಗೆ ಎಣ್ಣೆ ಬಿಟ್ಟರೆ ತುಟಿ ಒಡೆಯುವುದಿಲ್ಲ ಎಂಬ ನಂಬಿಕೆ. ಹೊಕ್ಕುಳಿನಿಂದ ತುಟಿಗೆ ಎಣ್ಣೆ ಹರಿಯುವ ದಾರಿ ದೇಹದಲ್ಲಿಲ್ಲ. ಯಾರಿಗಾದರೂ ಗುಣ ಕಂಡಿದ್ದರೆ, ಎಣ್ಣೆ ಬಿಟ್ಟ ಬೆರಳನ್ನು ಕೊನೆಗೆ ತುಟಿಗೂ ಒರೆಸಿಕೊಂಡಿರಬೇಕು ಎಂದು ನನ್ನ ಗುಮಾನಿ.

ಹೊಸ ಲಿಪ್‌ಬಾಮ್ ಒಂದನ್ನು ಪರೀಕ್ಷಿಸುವುದಾದರೆ ಹೀಗೆ ಮಾಡಿ. ಮೊದಲು ಮೊಣಕೈಯ ಒಳಭಾಗದಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ. ಅಲ್ಲಿ ತುರಿಕೆಯೋ ಕೆಂಪೋ ಕಂಡರೆ ತುಟಿಯವರೆಗೆ ಒಯ್ಯುವುದೇ ಬೇಡ. ಏನೂ ಆಗದಿದ್ದರೆ ಉಳಿದೆಲ್ಲ ಲಿಪ್‌ಬಾಮ್, ಲಿಪ್‌ಸ್ಟಿಕ್‌ಗಳನ್ನು ಬದಿಗಿಟ್ಟು ಅದೊಂದನ್ನೇ ಎರಡು ವಾರ ಬಳಸಿ. ಹಲ್ಲುಜ್ಜಿದ ಮೇಲೆ, ಊಟದ ಮೇಲೆ, ಮಲಗುವ ಮುನ್ನ. ತುಟಿಯನ್ನು ನೀರಿನಿಂದ ಒದ್ದೆ ಮಾಡಿ, ಬಟ್ಟೆಯಿಂದ ಒತ್ತಿ, ಪಸೆ ಇನ್ನೂ ಇರುವಾಗಲೇ ಹಚ್ಚಬೇಕು. ಒಣ ತುಟಿಗೆ ಹಚ್ಚಿದರೆ ಉಳಿಸಿಕೊಳ್ಳಲು ಒಳಗೆ ಹೆಚ್ಚೇನೂ ಇರುವುದಿಲ್ಲ. ಅಕ್ಕಿಕಾಳಿನಷ್ಟು ಸಾಕು. ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕಿತ್ತರೆ, ಸಕ್ಕರೆ ಹಾಕಿ ಉಜ್ಜಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಹಾಸ್ಟೆಲ್‌ನಲ್ಲಿರುವವರಿಗೆ ಇನ್ನೊಂದು ಮಾತು: ಲಿಪ್‌ಬಾಮ್ ಹಂಚಿಕೊಳ್ಳಬೇಡಿ. ಜ್ವರ ಬಂದಾಗ ತುಟಿಯಂಚಿನಲ್ಲಿ ಏಳುವ ನೀರುಗುಳ್ಳೆಗಳು ಹರ್ಪಿಸ್ ವೈರಾಣುವಿನವು, ಮುಟ್ಟಿದರೆ ಹರಡುತ್ತವೆ.

ಹಚ್ಚಿದೊಡನೆ ತಣ್ಣಗೆ ಜುಮ್ಮೆನ್ನುವ ಲಿಪ್‌ಬಾಮ್‌ಗಳ ವಿಷಯದಲ್ಲಿ ನಾನು ಕಟುವಾಗಿಯೇ ಮಾತಾಡುತ್ತೇನೆ. ಜುಮ್ಮೆನ್ನಿಸುವುದು ಮೆಂಥಾಲ್, ಕರ್ಪೂರ, ಕೆಲವೊಮ್ಮೆ ಫೀನಾಲ್. ಕೆಲವದರಲ್ಲಿ ಸಿಪ್ಪೆ ಸುಲಿಯುವ ಸ್ಯಾಲಿಸಿಲಿಕ್ ಆಮ್ಲವೂ ಇರುತ್ತದೆ. ಬಿರುಕು ಬಿಟ್ಟ ತುಟಿಗೆ ಇವು ಔಷಧವಲ್ಲ, ಕಿರುಕುಳ. ಕೆರಳಿದ ತುಟಿ ಬೇಗ ಒಣಗುತ್ತದೆ. ಒಣಗಿತೆಂದು ಅದನ್ನೇ ಮತ್ತೆ ಹಚ್ಚುತ್ತಾರೆ. “ನನಗೆ ಲಿಪ್‌ಬಾಮ್ ಚಟವಾಗಿಬಿಟ್ಟಿದೆ” ಎಂದು ಬರುವವರಲ್ಲಿ ಬಹುಪಾಲು ಜನರ ಕಥೆ ಇದು. ಮಾದಕ ವಸ್ತುವಿನಂಥ ಚಟ ಹಿಡಿಸುವಂಥದ್ದೇನೂ ಅದರಲ್ಲಿಲ್ಲ. ಆದರೆ ಅರ್ಧ ಗಂಟೆಗೊಮ್ಮೆ ಬೇಕೆನಿಸುವ ಲಿಪ್‌ಬಾಮ್ ಕೆಲಸ ಮಾಡುತ್ತಿಲ್ಲ ಎಂದೇ ಲೆಕ್ಕ.

ನೈಸರ್ಗಿಕ ಎಂದು ಬರೆದಿದ್ದರೆ ನೆಮ್ಮದಿಯಿಂದ ಇರಬಹುದೇ? ಇಲ್ಲ. ದಾಲ್ಚಿನ್ನಿ, ಪುದೀನ, ಕಿತ್ತಳೆ ಸಿಪ್ಪೆಯ ಎಣ್ಣೆಗಳು, ಕುರಿಯ ಉಣ್ಣೆಯಿಂದ ಬರುವ ಲ್ಯಾನೋಲಿನ್, ಜೇನುಗೂಡಿನ ಅಂಟು ಇವೆಲ್ಲ ನೈಸರ್ಗಿಕವೇ, ಇವೆಲ್ಲವೂ ಅಲರ್ಜಿ ಮಾಡಬಲ್ಲವು. ನಮ್ಮ ಹರಳೆಣ್ಣೆ ಕೂಡ; ಲಿಪ್‌ಸ್ಟಿಕ್‌ನಿಂದ ತುಟಿ ಊದಿಕೊಂಡವರಲ್ಲಿ ಕೆಲವೊಮ್ಮೆ ತಪ್ಪಿತಸ್ಥ ಅದೇ ಆಗಿರುತ್ತದೆ. ನಮ್ಮ ಮೈಬಣ್ಣದವರಲ್ಲಿ ಅಲರ್ಜಿ ಯಾವಾಗಲೂ ಕೆಂಪಾಗಿ ತೋರುವುದಿಲ್ಲ, ತುಟಿ ನಿಧಾನವಾಗಿ ಕಪ್ಪಾಗುತ್ತ ಹೋಗಬಹುದು. ಕಪ್ಪನ್ನು ಮುಚ್ಚಲು ಅದೇ ಲಿಪ್‌ಸ್ಟಿಕ್ಕನ್ನು ಇನ್ನಷ್ಟು ಗಾಢವಾಗಿ ಹಚ್ಚುವವರನ್ನು ನೋಡಿದ್ದೇನೆ. ಲೇಬಲ್ಲಿನ ಅಕ್ಷರ ಎಷ್ಟೇ ಚಿಕ್ಕದಿದ್ದರೂ ಓದಿ. ಪಟ್ಟಿ ಗಿಡ್ಡವಾಗಿದ್ದಷ್ಟೂ ಒಳ್ಳೆಯದು.

ಎಷ್ಟೋ ಸಲ ಲಿಪ್‌ಬಾಮ್ ನಿರಪರಾಧಿ. ಏಪ್ರಿಲ್, ಮೇ ತಿಂಗಳಲ್ಲಿ ತುಟಿ ಊದಿ ಸಿಪ್ಪೆಯೆದ್ದು ಬಂದವರಿಗೆ ನನ್ನ ಮೊದಲ ಪ್ರಶ್ನೆ, ಮಾವಿನಹಣ್ಣನ್ನು ಕಚ್ಚಿ ಚೀಪಿದಿರಾ ಎಂಬುದು. ಸಿಪ್ಪೆಯ ಸೊನೆಗೆ ಅಲರ್ಜಿಯಿದ್ದರೆ ಹೀಗಾಗುತ್ತದೆ. ಸಿಪ್ಪೆ ತೆಗೆದು ಹೋಳು ಮಾಡಿಕೊಂಡರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಹಸಿ ಗೇರುಬೀಜದ ಸೊನೆಯೂ ಅದೇ ಕುಟುಂಬದ್ದು, ಇನ್ನೂ ಉಗ್ರ. ಖಾರವಾದ, ಬಹಳ ನೊರೆ ಬರುವ ಟೂತ್‌ಪೇಸ್ಟ್ ಇನ್ನೊಂದು ಕಾರಣ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಿನ್ನುವವರಿಗೆ ತುಟಿ ಒಣಗುವುದು ಹೆಚ್ಚುಕಡಿಮೆ ಖಚಿತ. ಒಣಗಲೇ ಇಲ್ಲ ಎಂದರೆ ಮಾತ್ರೆ ಸರಿಯಾಗಿ ತಿನ್ನುತ್ತಿದ್ದಾರೆಯೇ ಎಂದು ನಾವು ಅನುಮಾನಿಸುತ್ತೇವೆ.

ಬಾಯಿಯ ಮೂಲೆಗಳು ಒಡೆದಿದ್ದರೆ ಅದು ಬೇರೆಯೇ ವಿಷಯ. ಜೊಲ್ಲು ನಿಂತು ಶಿಲೀಂಧ್ರ ಬೆಳೆದಿರಬಹುದು, ಸಡಿಲವಾದ ದಂತಪಂಕ್ತಿ ಕಾರಣವಾಗಿರಬಹುದು, ಕಬ್ಬಿಣದ ಅಥವಾ ಬಿ2 ಜೀವಸತ್ವದ ಕೊರತೆಯೂ ಇರಬಹುದು. ಯಾವ ತುಟಿ ಒಡೆದರೂ ಬಿ ಕಾಂಪ್ಲೆಕ್ಸ್ ನುಂಗುವ ರೂಢಿ ನಮ್ಮಲ್ಲಿದೆ. ನಡು ತುಟಿ ಒಣಗಿದವರಿಗೆ ಅದರಿಂದ ಸಾಮಾನ್ಯವಾಗಿ ಆಗುವುದು ಹಳದಿ ಮೂತ್ರ ಮಾತ್ರ.

ಬಿಸಿಲಿನ ಸಂಗತಿ ಉಳಿಯಿತು. ಕೆಳತುಟಿ ಆಕಾಶಕ್ಕೆ ಮುಖ ಮಾಡಿರುವುದರಿಂದ ಬಿಸಿಲೆಲ್ಲ ಅದರ ಪಾಲಿಗೆ. ಹೊಲದಲ್ಲಿ ದುಡಿಯುವವರು, ಸಂಚಾರ ಪೊಲೀಸರು, ದಿನವಿಡೀ ಬೈಕಿನಲ್ಲಿ ಓಡಾಡುವವರು ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಹೆಚ್ಚಿನ ಲಿಪ್‌ಬಾಮ್ ಬಳಸುವುದು ಒಳ್ಳೆಯದು. ತಿಂದು ಕುಡಿದಾಗ ಅಳಿಸುವುದರಿಂದ ಮತ್ತೆ ಹಚ್ಚಬೇಕು. ಅಗಲ ಅಂಚಿನ ಟೋಪಿಯೂ ಅಷ್ಟೇ ಉಪಯೋಗಿ. ಎರಡು ಮೂರು ವಾರ ಸಪ್ಪೆ ಲಿಪ್‌ಬಾಮ್ ಹಚ್ಚಿದರೂ ಒಂದೇ ಜಾಗದಲ್ಲಿ ಉಳಿಯುವ ಹುಣ್ಣು, ಬಿಳಿ ಮಚ್ಚೆ, ಗಟ್ಟಿಯಾದ ಗಂಟು, ಮುಟ್ಟಿದರೆ ರಕ್ತ ಬರುವ ಬಿರುಕು ಇದ್ದರೆ, ಅದರಲ್ಲೂ ತಂಬಾಕು ಗುಟ್ಕಾ ಅಭ್ಯಾಸವಿದ್ದರೆ, ಇನ್ನೊಂದು ಲಿಪ್‌ಬಾಮ್ ಹುಡುಕುತ್ತ ಕೂರಬೇಡಿ, ವೈದ್ಯರಿಗೆ ತೋರಿಸಿ. ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಮರಗಟ್ಟಿಸುವ ಸೂಜಿ ಕೊಟ್ಟು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತದೆ. ಅದೇ ದಿನ ಮನೆಗೆ ಹೋಗಬಹುದು, ಊಟಕ್ಕೂ ಅಡ್ಡಿಯಿಲ್ಲ. ಒಂದೆರಡು ದಿನ ಖಾರ ಬಿಟ್ಟರಾಯಿತು.