ಪಕ್ಕದ ಸೀಟು ಖಾಲಿ ಯಾಕಿತ್ತು

ಬಸ್ಸು ತುಂಬ್ತಾ ಇದೆ ಅನ್ಕೊಳ್ಳಿ. ಕಿಟಕಿ ಪಕ್ಕ ಒಬ್ಬ ಕೂತಿದಾನೆ, ಸುತ್ತ ಇರೋರಿಗಿಂತ ಅವನ ಮೈಬಣ್ಣ ಬೇರೆ. ಹತ್ತಿದವರು ಹಿಂದೆ ಹೋಗ್ತಾರೆ, ಮುಂದೆ ಬರ್ತಾರೆ, ಒಬ್ರು ಅವನ ಪಕ್ಕದ ಸೀಟ್ ನೋಡಿ ಅರ್ಧ ಸೆಕೆಂಡ್ ತಡೆದು ಆಮೇಲೆ ಕಂಬಿ ಹಿಡ್ಕೊಂಡು ನಿಂತೇಬಿಡ್ತಾರೆ. ಆ ಸೀಟೂ ತುಂಬುತ್ತೆ, ಆದ್ರೆ ಎಲ್ಲಕ್ಕಿಂತ ಕೊನೆಗೆ. ಇಳಿದ ಮೇಲೆ ಅವನು ಇದನ್ನ ಫ್ರೆಂಡ್ ಹತ್ರ ಹೇಳ್ಕೊಂಡ್ರೆ ಬರೋ ಉತ್ತರ ನಮಗೆಲ್ಲ ಬಾಯಿಪಾಠ: "ಅಯ್ಯೋ ಬಿಡೋ, ಅವ್ರು ಮುಂದಿನ ಸ್ಟಾಪಲ್ಲಿ ಇಳಿಯೋರಿರ್ಬೇಕು, ನೀನೇ ಜಾಸ್ತಿ ತಲೆ ಕೆಡಿಸ್ಕೋತಿದೀಯ."

ಫ್ರೆಂಡ್ ಹೇಳಿದ್ದು ನಿಜ ಇದ್ರೂ ಇರಬಹುದು. ಆ ಒಂದು ಸಲದ ಮಟ್ಟಿಗೆ ಅದು ಯಾರಿಗೂ ಗೊತ್ತಾಗಲ್ಲ, ತೊಂದ್ರೆ ಇರೋದೇ ಅಲ್ಲಿ.

ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅನ್ನೋ ಇಬ್ರು ಅರ್ಥಶಾಸ್ತ್ರಜ್ಞರು 2004ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು. ಬಾಸ್ಟನ್ ಮತ್ತೆ ಶಿಕಾಗೋದ ಕೆಲಸದ ಜಾಹೀರಾತುಗಳಿಗೆ ಹತ್ತಿರಹತ್ತಿರ 5,000 ಸುಳ್ಳು ರೆಸ್ಯೂಮೆ ಕಳಿಸಿದ್ರು, ಕೆಲವಕ್ಕೆ ಕೇಳಿದ ತಕ್ಷಣ ಬಿಳಿಯರದ್ದು ಅನ್ಸೋ ಹೆಸರು, ಕೆಲವಕ್ಕೆ ಕಪ್ಪು ಅಮೆರಿಕನ್ನರದ್ದು ಅನ್ಸೋ ಹೆಸರು, ಯಾವುದಕ್ಕೆ ಯಾವ ಹೆಸರು ಅನ್ನೋದು ಚೀಟಿ ಎತ್ತಿದ ಹಾಗೆ. ಮೊದಲ ಗುಂಪಿಗೆ ಸುಮಾರು 10 ರೆಸ್ಯೂಮೆಗೆ ಒಂದು ಕಾಲ್ ಬಂತು, ಎರಡನೇದಕ್ಕೆ ಸುಮಾರು 15ಕ್ಕೆ ಒಂದು. ಈಗ ಕಾಲ್ ಬರದೇ ಇರೋ ಒಬ್ಬ ನಿಜವಾದ ಅಭ್ಯರ್ಥಿ ಜಾಗದಿಂದ ನೋಡಿ. ಅವನಿಗೆ ಕಾಣೋದು ಇಷ್ಟೇ: ಫೋನ್ ರಿಂಗ್ ಆಗ್ಲಿಲ್ಲ. ಯಾರೂ ಬೈದಿಲ್ಲ, ಬಾಗಿಲು ಹಾಕಿಲ್ಲ, ತೋರಿಸೋಕೆ ಗಾಯವೂ ಇಲ್ಲ. 10 ಮತ್ತು 15ರ ನಡುವಿನ ವ್ಯತ್ಯಾಸ ಸಾವಿರಾರು ರೆಸ್ಯೂಮೆ ಒಟ್ಟಿಗೆ ಇಟ್ಕೊಂಡು ನೋಡೋರಿಗೆ ಮಾತ್ರ ಕಾಣುತ್ತೆ. ಅಂದ್ರೆ ಪುರಾವೆ ಸಿಗೋದು ರಾಶಿಯಲ್ಲಿ, ಅನುಭವ ಆಗೋದು ಬಿಡಿಬಿಡಿಯಾಗಿ, ಆದ್ರೂ ನಾವು ಪ್ರತಿಯೊಂದು ಬಿಡಿ ಘಟನೆಗೂ ಪ್ರೂಫ್ ಕೊಡು ಅಂತ ಕೂತ್ಕೋತೀವಿ.

ಹಾರ್ವರ್ಡ್‌ನ ಮನೋವೈದ್ಯ ಚೆಸ್ಟರ್ ಪಿಯರ್ಸ್ ಇಂಥ ಸಣ್ಣ ಚುಚ್ಚುಗಳಿಗೆ 1970ರಲ್ಲೇ ಮೈಕ್ರೋಅಗ್ರೆಶನ್ ಅಂತ ಹೆಸರಿಟ್ಟಿದ್ರು, ಅವರೂ ಕಪ್ಪು ಅಮೆರಿಕನ್. ಹೆಸರಲ್ಲಿ ಮೈಕ್ರೋ ಅಂತ ಇರೋದ್ರಿಂದ ನೋವೂ ಮೈಕ್ರೋ ಅಂತ ಓದೋರು ಇದಾರೆ, ಅದು ತಪ್ಪು, ಚಿಕ್ಕದು ಅನ್ನೋದು ಒಂದೊಂದು ಘಟನೆ ಬಗ್ಗೆ ಹೇಳಿದ ಮಾತು, ಕೂಡಿದ ಮೊತ್ತದ ಬಗ್ಗೆ ಅಲ್ಲ.

ಹಾಗಾದ್ರೆ ಬಸ್ಸಲ್ಲಿ ಕೂತವನ ತಲೇಲಿ ಏನು ನಡೀತಿರುತ್ತೆ? ಜೆಸ್ಸಿಕಾ ಸಾಲ್ವಟೋರ್ ಮತ್ತು ನಿಕೋಲ್ ಶೆಲ್ಟನ್ ಅನ್ನೋ ಮನಃಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಂಗೆ ತುಂಬಾ ಇಷ್ಟ. ವಿದ್ಯಾರ್ಥಿಗಳಿಗೆ ಕೆಲಸಕ್ಕೆ ಜನರನ್ನ ಆಯ್ಕೆ ಮಾಡಿದ ವಿವರದ ಫೈಲ್‌ಗಳನ್ನ ಓದೋಕೆ ಕೊಟ್ರು. ಕೆಲವದ್ರಲ್ಲಿ ತಾರತಮ್ಯ ಮುಖಕ್ಕೆ ಹೊಡೆದ ಹಾಗೆ ಇತ್ತು, ಕೆಲವದ್ರಲ್ಲಿ ಇದ್ರೂ ಇರಬಹುದು ಅನ್ನೋ ಥರ, ಕೆಲವದ್ರಲ್ಲಿ ಇಲ್ವೇ ಇಲ್ಲ. ಓದಿದ ಮೇಲೆ ಸ್ಟ್ರೂಪ್ ಟೆಸ್ಟ್, ಅಂದ್ರೆ "ಕೆಂಪು" ಅನ್ನೋ ಪದವನ್ನ ನೀಲಿ ಬಣ್ಣದಲ್ಲಿ ಬರೆದಿರ್ತಾರೆ, ಪದ ಓದದೆ ಬಣ್ಣ ಹೇಳ್ಬೇಕು, ಗಮನ ಸುಸ್ತಾಗಿದ್ರೆ ಇಲ್ಲಿ ಎಡವೋದು ಜಾಸ್ತಿ. ಬಿಳಿ ವಿದ್ಯಾರ್ಥಿಗಳು ಹೆಚ್ಚು ಎಡವಿದ್ದು ನೇರವಾದ ತಾರತಮ್ಯ ಓದಿದ್ಮೇಲೆ. ಕಪ್ಪು ವಿದ್ಯಾರ್ಥಿಗಳು ಹೆಚ್ಚು ಎಡವಿದ್ದು ಅಸ್ಪಷ್ಟವಾದದ್ದನ್ನ ಓದಿದ್ಮೇಲೆ! ನೇರವಾಗಿದ್ರೆ ಗುರುತಿಸಿ ಪಕ್ಕಕ್ಕಿಡೋದು ಅವರಿಗೆ ಅಭ್ಯಾಸ ಆಗಿರುತ್ತೆ ಅನ್ಸುತ್ತೆ, ಆದ್ರೆ ಹೌದೋ ಅಲ್ವೋ ಅನ್ನೋದು ತಲೇಲಿ ಓಡ್ತಾನೇ ಇರುತ್ತೆ, ಹಿಂದೆ ಆನ್ ಆಗಿರೋ ಆಪ್ ಬ್ಯಾಟರಿ ತಿಂದ ಹಾಗೆ. ಸಮಾಧಾನ ಮಾಡೋಕೆ ಹೋದ ಫ್ರೆಂಡ್ "ಇರ್ಲಿಕ್ಕಿಲ್ಲ ಬಿಡೋ" ಅಂದು ಅದೇ ಅಸ್ಪಷ್ಟತೆಗೆ ಇನ್ನೊಂದು ಸೌದೆ ಹಾಕಿರ್ತಾನೆ.

ಇದರ ಏಟು ದೇಹಕ್ಕೂ ಬೀಳುತ್ತೆ. ಅಮೆರಿಕದ ಕಪ್ಪು ಹೆಂಗಸರ ಆರೋಗ್ಯ ವಯಸ್ಸಿಗಿಂತ ಬೇಗ ಕುಸಿಯೋದನ್ನ ವಿವರಿಸೋಕೆ ಆರೋಗ್ಯ ಸಂಶೋಧಕಿ ಆರ್ಲೀನ್ ಜೆರೋನಿಮಸ್ 1992ರಲ್ಲಿ ಆರಿಸ್ಕೊಂಡ ಪದ ನಾವು ಭೂಗೋಳದ ಪಾಠದಲ್ಲಿ ಓದಿರೋ ಶಿಥಿಲೀಕರಣ, ಅಂದ್ರೆ ಮಳೆ ಗಾಳಿಗೆ ಬಂಡೆ ನಿಧಾನಕ್ಕೆ ಸವೆಯೋದು. ಬಂಡೆ ಒಂದು ಮಳೆಗೆ ಕರಗಲ್ವಲ್ಲ.

ಸರಿ, ಬೇರೆಯವರ ನೋವು ನೋಡಿದ್ರೆ ನಮಗೂ ಚುಳ್ ಅನ್ನುತ್ತಲ್ಲ, ಆ ಸಹಜ ಅನುಕಂಪ ಸಾಲಲ್ವಾ ಅಂತ ಕೇಳಬಹುದು. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಟಲಿಯ ಅಲೆಸ್ಸಿಯೋ ಅವೆನಾಂಟಿ ಮತ್ತವರ ತಂಡ ಒಂದು ಕೈಗೆ ಸೂಜಿ ಚುಚ್ಚೋ ವಿಡಿಯೋ ತೋರ್ಸಿ ನೋಡುಗರ ಮೆದುಳು ಮತ್ತೆ ಕೈ ಸ್ನಾಯುವಿನ ಪ್ರತಿಕ್ರಿಯೆ ಅಳೆದ್ರು. ತಮ್ಮದೇ ಬಣ್ಣದ ಕೈಗೆ ಚುಚ್ಚಿದಾಗ ನೋಡ್ತಿದ್ದವರ ಕೈಯೂ ಒಳಗೊಳಗೇ ಮರಗಟ್ಟಿದ ಹಾಗೆ ಆಯ್ತು, ಬೇರೆ ಬಣ್ಣದ ಕೈಗೆ ಚುಚ್ಚಿದಾಗ ಆ ಪ್ರತಿಕ್ರಿಯೆ ಕಾಣ್ಲಿಲ್ಲ, ಬಿಳಿಯರಲ್ಲೂ ಹಾಗೇ, ಕಪ್ಪು ಜನರಲ್ಲೂ ಹಾಗೇ. ಅಪರಿಚಿತ ಬಣ್ಣ ಅಂತ ಇರಬಹುದಾ? ಅದಕ್ಕೇ ಅವರು ನೇರಳೆ ಬಣ್ಣದ ಕೈ ಒಂದನ್ನೂ ಸೇರಿಸಿದ್ರು, ಪ್ರಪಂಚದಲ್ಲಿ ಎಲ್ಲೂ ಇಲ್ಲದ ಕೈ. ಅದಕ್ಕೆ ಚುಚ್ಚಿದಾಗ ಆ ಪ್ರತಿಕ್ರಿಯೆ ಮತ್ತೆ ಕಾಣಿಸ್ತು! ಇಂಥ ಪ್ರಯೋಗಗಳಲ್ಲಿ ಭಾಗವಹಿಸೋರು ಕೆಲವೇ ಜನ, ಆದ್ರಿಂದ ಜಗತ್ತೇ ಹೀಗೆ ಅಂತ ನಾನು ಹೇಳಲ್ಲ, ಆದ್ರೂ ಅಡ್ಡ ಬಂದಿದ್ದು ಹೊಸತನ ಅಲ್ಲ, ಮೊದಲೇ ಕಲಿತ ಭೇದ ಅನ್ನೋ ಸುಳಿವು ಆ ನೇರಳೆ ಕೈಯಲ್ಲಿದೆ.

ಡಾಕ್ಟರಾಗೋರೂ ಇದಕ್ಕೆ ಹೊರತಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ 222 ಬಿಳಿ ವೈದ್ಯ ವಿದ್ಯಾರ್ಥಿಗಳು ಮತ್ತು ತರಬೇತಿಯಲ್ಲಿರೋ ಡಾಕ್ಟರ್‌ಗಳನ್ನ ಕೇಳಿದಾಗ ಸುಮಾರು ಅರ್ಧದಷ್ಟು ಜನ ಕಪ್ಪು ಜನರ ದೇಹದ ಬಗ್ಗೆ ಒಂದಾದ್ರೂ ಸುಳ್ಳನ್ನ ಒಪ್ಕೊಂಡಿದ್ರು, ಚರ್ಮ ದಪ್ಪ ಅನ್ನೋದೂ ಆ ಪಟ್ಟಿಯಲ್ಲಿತ್ತು. ಹಾಗೆ ನಂಬಿದವರು ಕಪ್ಪು ರೋಗಿಗೆ ಎಷ್ಟು ನೋವಿರಬಹುದು ಅಂತ ಕೊಟ್ಟ ಅಂಕವೂ ಬಿಳಿ ರೋಗಿಗೆ ಕೊಟ್ಟಿದ್ದಕ್ಕಿಂತ ಕಡಿಮೆ.

ಅವರ ಜಾಗದಲ್ಲಿ ನಿಂತು ಯೋಚಿಸಿ ಅಂತ ಎಲ್ರೂ ಹೇಳ್ತಾರೆ, ನಾನೂ ಹೇಳ್ತಿದ್ದೆ. ಟಾಲ್ ಎಯಾಲ್, ಮೇರಿ ಸ್ಟೆಫೆಲ್, ನಿಕೊಲಸ್ ಎಪ್ಲಿ ಅನ್ನೋ ಸಂಶೋಧಕರು 2018ರಲ್ಲಿ 25 ಪ್ರಯೋಗಗಳನ್ನ ಒಟ್ಟಿಗೆ ಪ್ರಕಟಿಸಿದ್ರು. ಅವು ರೇಸಿಸಂ ಬಗ್ಗೆ ಅಲ್ಲ, ಇನ್ನೊಬ್ಬರ ಮನಸ್ಸನ್ನ ಊಹಿಸೋ ಬಗ್ಗೆ. ಬೇರೆಯವರ ಜಾಗದಲ್ಲಿ ನಿಂತ ಹಾಗೆ ಕಲ್ಪಿಸ್ಕೊಂಡ್ರೆ ಊಹೆ ಹೆಚ್ಚು ಸರಿಯಾಗುತ್ತೆ ಅನ್ನೋದಕ್ಕೆ ಆಧಾರ ಸಿಗ್ಲಿಲ್ಲ. ಸರಿಯಾಗಿದ್ದು ನೇರವಾಗಿ ಅವರನ್ನೇ ಕೇಳಿ ತಿಳ್ಕೊಂಡಾಗ. ಯಾಕಂದ್ರೆ ಅವರ ಜಾಗಕ್ಕೆ ಹೋಗೋದು ನಾನೇ ಅಲ್ವಾ, ನನ್ನ ನೆನಪು ಹೊತ್ಕೊಂಡು. ಖಾಲಿ ಸೀಟಿನ ಪಕ್ಕ ನನ್ನನ್ನ ಕೂರಿಸ್ಕೊಂಡ್ರೆ ನಂಗೆ ಅನ್ಸೋದು "ಆಹಾ, ಕಾಲು ಚಾಚಬಹುದು" ಅಂತ.

ಸಂಶೋಧಕ ಡೇವಿಡ್ ವಿಲಿಯಮ್ಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ದಿನನಿತ್ಯದ ತಾರತಮ್ಯದ ಪ್ರಶ್ನಾವಳಿ ಈ ವಿಷಯದಲ್ಲಿ ಜಾಣತನದ್ದು. ನಿಮಗೆ ರೇಸಿಸಂ ಆಗಿದ್ಯಾ ಅಂತ ಶುರು ಮಾಡಲ್ಲ. ನಿಮ್ಮ ಹತ್ರ ಬೇರೆಯವರಿಗಿಂತ ಕಮ್ಮಿ ಮರ್ಯಾದೆಯಿಂದ ನಡ್ಕೋತಾರಾ, ನಿಮ್ಮನ್ನ ಕಂಡ್ರೆ ಹೆದರಿದ ಹಾಗೆ ಆಡ್ತಾರಾ, ಎಷ್ಟು ಸಲ ಅಂತ ಕೇಳುತ್ತೆ, ಕಾರಣದ ಪ್ರಶ್ನೆ ಬರೋದು ಆಮೇಲೆ. ಆ ಫ್ರೆಂಡ್ ಕೂಡ "ಅವ್ರು ಇಳಿಯೋರಿರ್ಬೇಕು" ಅನ್ನೋ ಬದಲು "ಹೀಗೆ ಎಷ್ಟು ಸಲ ಆಗುತ್ತೋ?" ಅಂತ ಕೇಳಿ ಸುಮ್ನೆ ಕೂತಿದ್ರೆ, ಇವನು ಬಹುಶಃ ಬಸ್ಸಿಂದ ಶುರು ಮಾಡ್ತಿರ್ಲಿಲ್ಲ, ಬೆಳಗ್ಗೆ ಲಿಫ್ಟಲ್ಲಿ ಬ್ಯಾಗ್ ಎದೆಗವಚಿಕೊಂಡವರಿಂದ ಶುರು ಮಾಡ್ತಿದ್ದ.